ಕಂದಗೆ ಕಾಡಿಗೆ

ಸ್ಟೀಲ್ ಲೋಟದ ಕಾಫಿ ಆರಿ ಕೆನೆ ಕಟ್ಟುವವರೆಗೂ ನಾನು ಪಕ್ಕದ ಮನೆಯವರ ಲಗ್ನಪತ್ರಿಕೆಯ ಕರಡನ್ನು ದಿಟ್ಟಿಸುತ್ತಾ ಕುಳಿತಿದ್ದೆ. ‘ಸುಖಾಗಮನ’ದ ಮಹಾಪ್ರಾಣವನ್ನು ಪ್ರೆಸ್ಸಿನವನು ನುಂಗಿ ‘ಸುಕಾಗಮನ’ ಮಾಡಿದ್ದ. ಹೊಳೆನರಸೀಪುರದಂಥ ಊರಿನಲ್ಲಿ ಹೈಸ್ಕೂಲಿನ ಕನ್ನಡ ಟೀಚರಾಗಿ ಬಾಳುವುದೆಂದರೆ, ಗೆಳೆಯರೇ, ಹೆಚ್ಚುಕಡಿಮೆ ಮಿಕ್ಸಿ ರಿಪೇರಿಯವನಾಗಿ ಬಾಳಿದಂತೆಯೇ. ಅವನ ಬಳಿಗೆ ಜನ ಕೆಟ್ಟ ಮಿಕ್ಸಿ ತರುತ್ತಾರೆ, ನನ್ನ ಬಳಿಗೆ ಕೆಟ್ಟ ಪದ ತರುತ್ತಾರೆ. ಮಗುವಿಗೆ ಇಟ್ಟ ಹೆಸರಿನ ಅರ್ಥವೇನೆಂದು ನಾಮಕರಣ ಮುಗಿದ ಮೇಲೆ ಕೇಳುತ್ತಾರೆ. ಸನ್ಮಾನಪತ್ರದಲ್ಲಿ ತಮ್ಮನ್ನು ‘ಅಜಾತಶತ್ರು’ ಎಂದು ಕರೆದದ್ದು ಬೈಗುಳವೇ ಎಂದು ವಿಚಾರಿಸಿಕೊಂಡು ಹೋಗುತ್ತಾರೆ. ಇಷ್ಟು ವರ್ಷ ಇಂಥ ಚಿಲ್ಲರೆ ರಿಪೇರಿಯಲ್ಲೇ ನೆಮ್ಮದಿಯಾಗಿದ್ದ ನನಗೆ, ಒಂದು ಹಾಡಿನ ಒಂದೇ ಒಂದು ಪದ ಮದುವೆಯೊಂದನ್ನೇ ನಿಲ್ಲಿಸುವ ಮಟ್ಟಕ್ಕೆ ಕೆಟ್ಟು ನಿಂತಾಗ ಏನು ಮಾಡಬೇಕೆಂದು ತಿಳಿದಿರಲಿಲ್ಲ.

ಮದುವೆ ಪಕ್ಕದ ಮನೆಯ ಸುಮಳದು. ಅವಳ ತಂದೆ ಕೃಷ್ಣೇಗೌಡರು ವಿದ್ಯುತ್ ಇಲಾಖೆಯ ಲೈನ್‌ಮನ್. ಇಡೀ ಹೋಬಳಿಯ ಕತ್ತಲೆಯನ್ನು ಕಂಬ ಹತ್ತಿ ಕಳೆಯಬಲ್ಲ ಮನುಷ್ಯ, ಮನೆಯೊಳಗೆ ಕಿಡಿ ಹಾರಿತೆಂದರೆ ಮಾತ್ರ ಮೆಲ್ಲಗೆ ಚಪ್ಪಲಿ ಹುಡುಕುವವರು. ಸುಮ ಇನ್ನೂ ಅಂಗನವಾಡಿಗೆ ಹೋಗುತ್ತಿದ್ದಾಗ ಹೆತ್ತಮ್ಮ ತೀರಿಕೊಂಡಳು. ಆಮೇಲೆ ಹಳೇಕೋಟೆಯಿಂದ ಜಯಕ್ಕ ಆ ಮನೆಗೆ ಎರಡನೆಯ ಹೆಂಡತಿಯಾಗಿ ಬಂದಳು. ಬಂದ ದಿನವೇ ಅರಕಲಗೂಡಿನವರು, ಎಂದರೆ ಸುಮಳ ಅಜ್ಜಿ ನಂಜಮ್ಮನೂ ಸೋದರಮಾವ ಶಿವಣ್ಣನೂ, ಆಕೆಗೊಂದು ಹೆಸರಿಟ್ಟರು: ಕೈಕೇಯಿ. ಮಗುವಿಗೆ ಜ್ವರ ಬಂದರೆ ಕೈಕೇಯಿ ತಣ್ಣೀರು ಹೊಯ್ದಳು. ಮಗು ದಪ್ಪಗಾದರೆ ಕೈಕೇಯಿ ಹಳಸಿದ್ದನ್ನೆಲ್ಲ ತಿನ್ನಿಸಿದಳು. ಓದಲೆಂದು ಹಾಸನದ ಹಾಸ್ಟೆಲ್ಲಿಗೆ ಸೇರಿಸಿದಾಗಲಂತೂ ಕೈಕೇಯಿ ಕಾಡಿಗೆ ಕಳಿಸಿದಳು. ಹಾಸನವನ್ನು ಕಾಡೆಂದು ಕರೆದವರಲ್ಲಿ ಅವರೇ ಮೊದಲಿಗರಿರಬೇಕು.

ಈಗ ಸುಮ ಹಾಸನದ ಒಂದು ಆಸ್ಪತ್ರೆಯಲ್ಲಿ ನರ್ಸು. ಜಯಕ್ಕ ಅವಳಿಗೆ ಗಂಡು ಗೊತ್ತುಮಾಡಿದ್ದಳು. ಹುಡುಗ ಮಹೇಶ ಚನ್ನರಾಯಪಟ್ಟಣದ ತೆಂಗಿನಕಾಯಿ ವ್ಯಾಪಾರಿಯ ಮಗ, ಯಾವ ದುರಭ್ಯಾಸವೂ ಇಲ್ಲ, ಒಂದು ದೋಷದ ಹೊರತು: ಅವನ ಕೆಲಸ ಅರಣ್ಯ ಇಲಾಖೆಯಲ್ಲಿ, ವಾಸ ನಾಗರಹೊಳೆ ಕಾಡಂಚಿನ ಕ್ವಾರ್ಟರ್ಸಿನಲ್ಲಿ. ವಿಧಿ ಇಷ್ಟು ಚೆನ್ನಾಗಿ ತಮಾಷೆ ಮಾಡುತ್ತದೆಂದು ನಾನು ಎಣಿಸಿರಲಿಲ್ಲ. ಸುದ್ದಿ ತಲುಪಿದ ದಿನ ಅರಕಲಗೂಡಿನಲ್ಲಿ ದುಃಖಕ್ಕಿಂತ, ತಮ್ಮ ಮಾತು ನಿಜವಾಯಿತೆಂಬ ಸಂಭ್ರಮವೇ ಹೆಚ್ಚಾಗಿತ್ತೆಂದು ನನ್ನ ಗುಮಾನಿ.

ಇಷ್ಟಕ್ಕೇ ನಿಂತಿದ್ದರೆ ಸರಿಹೋಗುತ್ತಿತ್ತು. ಜಯಕ್ಕ ನಮ್ಮ ಬೀದಿಯ ಹೆಂಗಸರ ಭಜನೆ ತಂಡಕ್ಕೆ ಹಾಡು ಕಟ್ಟುವವಳು. ಸುಮಳ ಅರಿಶಿನ ಶಾಸ್ತ್ರಕ್ಕೆಂದು ಅವಳು ಹೊಸ ಹಾಡೊಂದನ್ನು ಕಟ್ಟಿ ತಂಡಕ್ಕೆ ಕಲಿಸುತ್ತಿದ್ದಾಗ, ಯಾರೋ ಪುಣ್ಯಾತ್ಗಿತ್ತಿ ಅದರ ಪಲ್ಲವಿಯನ್ನಷ್ಟೇ ಮೊಬೈಲಿನಲ್ಲಿ ಹಿಡಿದು ವಾಟ್ಸಾಪಿಗೆ ಹಾಕಿದಳು. ಅದು ಬಸ್ಸಿಗಿಂತ ಬೇಗ ಅರಕಲಗೂಡು ಮುಟ್ಟಿತು. ಪಲ್ಲವಿ ಹೀಗಿತ್ತು:

ಕಂದಗೆ ಕಾಡಿಗೆ, ಕಂದಗೆ ಕಾಡಿಗೆ,
ಕೇಳಿದಳೇ ಕೈಕೇಯಿ.

ಮಾರನೆಯ ದಿನ ಮಧ್ಯಾಹ್ನ ಶಿವಣ್ಣ ತಾಯಿಯನ್ನು ಕರೆದುಕೊಂಡು ಬಂದಿಳಿದ. ಕೃಷ್ಣೇಗೌಡರ ನಡುಮನೆಯಲ್ಲಿ ನಿಂತು, ಕೂತುಕೊಳ್ಳಲೂ ಒಪ್ಪದೆ ಎರಡು ಬೇಡಿಕೆ ಇಟ್ಟ. ಒಂದು, ಮದುವೆಗೆ ಮೊದಲು ಹುಡುಗ ಕಾಡಿನಿಂದ ಹಾಸನಕ್ಕೆ ವರ್ಗ ಮಾಡಿಸಿಕೊಳ್ಳಬೇಕು. ಎರಡು, ಧಾರೆಗೆ ಜಯಕ್ಕ ಕೂರಕೂಡದು. ಇವೆರಡೂ ನಡೆಯದಿದ್ದರೆ ಸೋದರಮಾವನಾದ ತಾನು ಹೆಣ್ಣನ್ನು ಹಸೆಮಣೆಗೆ ಕರೆತರುವುದಿಲ್ಲ. ಎರಡು ವರ ಕೇಳಲು ಬಂದವನು ತಾನೇ ಎಂಬುದು ಪಾಪ ಅವನಿಗೆ ಹೊಳೆದಿರಲಿಲ್ಲ. ಅದನ್ನು ಹೇಳುವ ಸಮಯವೂ ಅದಾಗಿರಲಿಲ್ಲ. ಕೃಷ್ಣೇಗೌಡರು ಆಗಲೇ ಚಪ್ಪಲಿ ಹುಡುಕುತ್ತಿದ್ದರು. ಜಯಕ್ಕ ಕಾಂಪೌಂಡಿನ ಮೇಲಿಂದ ನನ್ನನ್ನು ಕೂಗಿದಳು: “ಟೀಚರಮ್ಮ, ಒಸಿ ಬರ್ತೀರಾ? ಇಲ್ಲೊಂದು ಪದುಕ್ಕೆ ಅರ್ಥ ಯೇಳ್ಬೇಕಂತೆ!”

ಹೋಗಿ ಕುಳಿತೆ. ಶಿವಣ್ಣ ಮೊಬೈಲನ್ನು ಸಾಕ್ಷಿಯ ಹಾಗೆ ನನ್ನ ಮುಂದೆ ಹಿಡಿದು ಪಲ್ಲವಿಯನ್ನು ಮತ್ತೆ ಮತ್ತೆ ಕೇಳಿಸಿದ.

“ನೀವೇ ಯೇಳಿ ಮೇಡಂ. ಕಂದಂಗೆ ಕಾಡ್ಗೆ. ಅಂಗಂದ್ರೇನು? ಬಾಯ್ ಬುಟ್ಟು ಆಡ್ಕಂಡು ಕಾಡ್ಗೆ ಕಳಿಸ್ತಾವ್ಳೆ ಕಣ್ರೀ! ಒಸಿನಾರು ನಾಚ್ಕೆ ಬ್ಯಾಡ್ವಾ?”

ನಾನು ಗಂಟಲು ಸರಿಮಾಡಿಕೊಂಡೆ. ವ್ಯಾಕರಣವೆಂದರೆ ಆಕಳಿಸುವ ಮಕ್ಕಳನ್ನೇ ಕಂಡಿದ್ದವಳಿಗೆ, ವಿಭಕ್ತಿಯ ಮೇಲೆ ಒಂದು ಸಂಸಾರದ ಗತಿ ನಿಂತಿರುವುದನ್ನು ನೋಡಿ ಒಳಗೊಳಗೇ ಹೆಮ್ಮೆಯೂ ಆಯಿತು. “ನೋಡಿ ಶಿವಣ್ಣ, ‘ಕಾಡು’ ಎಂಬ ಪದಕ್ಕೆ ಚತುರ್ಥಿ ವಿಭಕ್ತಿ ಹತ್ತಿದರೆ ‘ಕಾಡಿಗೆ’, ಅಂದರೆ ಅರಣ್ಯಕ್ಕೆ. ಆದರೆ ಯಾವ ವಿಭಕ್ತಿಯ ಹಂಗೂ ಇಲ್ಲದೆ ‘ಕಾಡಿಗೆ’ ಎಂಬುದೇ ಇನ್ನೊಂದು ಪದ. ಕಣ್ಣಿಗೆ ಹಚ್ಚುವ ಕಪ್ಪು. ಕಂದನಿಗೆ ದೃಷ್ಟಿ ತಾಗದಿರಲೆಂದು ತಾಯಿ ಕಾಡಿಗೆ ಕೇಳುತ್ತಿದ್ದಾಳೆ. ಇದು ಶಾಪವಲ್ಲ, ಹರಕೆ.”

ಮದುವೆಗೆಂದು ರಜೆ ಹಾಕಿ ಬಂದು ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದ ಸುಮಳ ಮುಖ ಅರಳಿತು. ಜಯಕ್ಕ ಮಾತ್ರ ನನ್ನನ್ನೇ ಬೆರಗಿನಿಂದ ನೋಡುತ್ತಿದ್ದಳು. ಗೆದ್ದೆನೆಂದುಕೊಳ್ಳುವಷ್ಟರಲ್ಲಿ ಶಿವಣ್ಣ ಕೇಳಿದ:

“ಅಲ್ಲಾ ಮೇಡಂ, ಕಣ್ಗಚ್ಚೋ ಕಾಡ್ಗೇನ ಯಾರಾನಾ ಗಂಡನ್ ತವ ವರ ಅಂತ ಕೇಳಿ ಇಸ್ಕತಾರಾ? ಅಯೋಧ್ಯೇಲಿ ಫ್ಯಾನ್ಸಿ ಸ್ಟೋರ್ ಇರ್ಲಿಲ್ವಾ?”

ಇದಕ್ಕೆ ವ್ಯಾಕರಣದಲ್ಲಿ ಉತ್ತರವಿರಲಿಲ್ಲ. “ಹಾಡಿನ ಮುಂದಿನ ನುಡಿ ಕೇಳದೆ ಅರ್ಥ ಹೇಳುವುದು ತಪ್ಪು. ಜಯಕ್ಕ, ಪೂರ್ತಿ ಹಾಡು” ಎಂದೆ. ಜಯಕ್ಕ ಸೆರಗು ಸರಿಮಾಡಿಕೊಂಡು, ಯಾರ ಮುಖವನ್ನೂ ನೋಡದೆ ಹಾಡಿದಳು:

ತೇರಿನ ಕಡಾಣಿ ಕಳಚಿದ ದಿವಸ
ಬೆರಳಿಟ್ಟಳೇ ಕೈಕೇಯಿ,
ತೇರು ಗೆದ್ದು ಬಂತು, ಬೆರಳಿನ ನೋವ
ಕೇಳಲಿಲ್ಲ ಕೈಕೇಯಿ, ಯಾರೂ
ಕೇಳಲಿಲ್ಲ ಕೈಕೇಯಿ.

ಕಥೆ ನಿಮಗೂ ಗೊತ್ತಿದ್ದೀತು. ಯುದ್ಧದ ನಡುವೆ ದಶರಥನ ರಥದ ಗಾಲಿ ಕಳಚದಂತೆ ತಡೆಯುವ ಕಡಾಣಿ ಬಿದ್ದುಹೋದಾಗ, ಕೈಕೇಯಿ ಅದರ ತೂತಿಗೆ ತನ್ನ ಬೆರಳನ್ನೇ ಇಟ್ಟು ಗಂಡನ ಪ್ರಾಣ ಉಳಿಸಿದಳು. ಆ ಎರಡು ವರ ಬಂದದ್ದೇ ಆಗ. ನಮ್ಮ ಭಾಷೆಯ ಚೋದ್ಯ ನೋಡಿ: ಅಂದು ನಿಜವಾಗಿಯೂ ಕೈ ಕೊಟ್ಟವಳು ಅವಳೊಬ್ಬಳೇ, ಆದರೆ ಜನ ‘ಕೈ ಕೊಟ್ಟಳು’ ಎಂದು ಇಂದಿಗೂ ಆಡಿಕೊಳ್ಳುವುದು ಬೇರೆಯದೇ ಅರ್ಥದಲ್ಲಿ. ನನ್ನ ತರಗತಿಗಳಲ್ಲಿ ಕೌಸಲ್ಯೆಯರು ಬಂದುಹೋಗಿದ್ದಾರೆ, ಸುಮಿತ್ರೆಯರು ಬೇಕಾದಷ್ಟು. ‘ಕೈಕೇಯಿ’ ಎಂದು ಕೂಗಿ ಹಾಜರಿ ಹಾಕಿದ ನೆನಪಿಲ್ಲ. ಅವಳು ಬಾಯಿ ಮುಚ್ಚಿಕೊಂಡಿದ್ದರೆ ರಾಮ ಪಟ್ಟವೇರಿ ಕಂದಾಯದ ತಕರಾರು ಕೇಳುತ್ತಾ ಕೂರುತ್ತಿದ್ದ, ನಮಗೆ ಹೇಳಿಕೊಳ್ಳಲು ಕಥೆಯೇ ಇರುತ್ತಿರಲಿಲ್ಲ. ಕಥೆ ಬೇಕು, ಕಥೆ ಶುರು ಮಾಡಿದವಳು ಬೇಡ.

ನಂಜಮ್ಮಜ್ಜಿ ಎಲೆಅಡಿಕೆ ಅಗಿಯುವುದನ್ನು ನಿಲ್ಲಿಸಿ ಕೇಳಿದರು: “ಅಲ್ವೇ ಜಯ, ಆಮ್ಯಾಕೆ ಆ ಬೆಳ್ಳು ಏನಾಯ್ತು?”

ಯಾರಿಗೂ ಗೊತ್ತಿರಲಿಲ್ಲ. ಅಜ್ಜಿ ನನ್ನ ಕಡೆ ನೋಡಿದರು, ನಾನು ಫ್ಯಾನಿನ ಕಡೆ ನೋಡಿದೆ. ಓದಿದ್ದನ್ನೆಲ್ಲ ತಡಕಿದರೂ, ಯುದ್ಧ ಮುಗಿದ ಮೇಲೆ ಆ ಬೆರಳಿಗೆ ಯಾರಾದರೂ ಎಣ್ಣೆ ಹಚ್ಚಿದರೇ, ಬಟ್ಟೆ ಸುತ್ತಿದರೇ ಎಂಬುದು ಎಲ್ಲೂ ನೆನಪಾಗಲಿಲ್ಲ.

“ಗಾಲಿಗೆ ಸಿಕ್ಕಿದ ಬೆರಳು ಉಳಿಯಲ್ಲ ಅಜ್ಜಿ” ಎಂದಳು ಸುಮ, ನರ್ಸಿನ ಗತ್ತಿನಲ್ಲಿ. ಅಷ್ಟು ಹೇಳಿದವಳೇ ಇದ್ದಕ್ಕಿದ್ದಂತೆ ಅಳತೊಡಗಿದಳು. “ಮಾವ, ಆ ಹುಡುಗನ್ನ ಚಿಕ್ಕಮ್ಮ ನೋಡಿದ್ದಲ್ಲ. ನಾನೇ ಮೆಚ್ಕೊಂಡಿದ್ದು. ನಿಮಗೆ ಗೊತ್ತಾದ್ರೆ ಕುಯ್ದಾಕ್ತೀರ ಅಂತ ಚಿಕ್ಕಮ್ಮ ತಾನೇ ಗೊತ್ತುಮಾಡಿದ್ದು ಅಂದ್ಬಿಟ್ರು. ಹೆಂಗೂ ನನ್ನ ಕೈಕೇಯಿ ಅಂತಾರೆ, ಅದರ ಜೊತೆ ಇದೂ ಇರಲಿ ಬಿಡು ಅಂದ್ರು.”

ಆಮೇಲೆ ಹೊರಬಿದ್ದ ಪ್ರೇಮಕಥೆ ಹೀಗೆ. ಆನೆ ಹುಲಿಗಳ ನಡುವೆ ಒಂದು ತರಚುಗಾಯವೂ ಆಗದೆ ಬಾಳಿದ್ದ ಮಹೇಶ, ರಜೆಗೆಂದು ಬಂದು ಚನ್ನರಾಯಪಟ್ಟಣದ ಪಕ್ಕ ಅಪ್ಪನ ತೆಂಗಿನ ತೋಟಕ್ಕೆ ಹೋದಾಗ ಹೆಜ್ಜೇನು ಎದ್ದು, ಮುಖ ಹಲಸಿನ ಹಣ್ಣಿನಂತೆ ಊದಿಕೊಂಡು ಸುಮಳ ವಾರ್ಡಿಗೆ ಬಂದಿದ್ದನಂತೆ. “ಊತ ಇಳಿದ ಮೇಲೆ ಪರವಾಗಿಲ್ಲ ಅನ್ನಿಸಿತು” ಎಂದಳು ಸುಮ, ಕಣ್ಣೊರೆಸಿಕೊಳ್ಳುತ್ತಾ.

ಶಿವಣ್ಣ ಕೊನೆಗೂ ಕುರ್ಚಿಯ ಮೇಲೆ ಕುಸಿದ. ಸಿಟ್ಟಿನ ಮನುಷ್ಯನಿಗೆ ಸಿಟ್ಟು ಮಾಡಿಕೊಳ್ಳುವ ಆಸಾಮಿಯೇ ಕೈತಪ್ಪಿದರೆ ಅವನ ಪಾಡು ಹೇಳತೀರದು. ಅಕ್ಕನ ಮಗಳನ್ನು ಬೈಯಲಾರ, ಹೆಜ್ಜೇನನ್ನು ಬೈದು ಪ್ರಯೋಜನವಿಲ್ಲ. “ಅಂಗಾರೆ ಇಷ್ಟು ದಿನ ಬೈದಿದ್ದೆಲ್ಲ?” ಎಂದ, ಬಸ್ಸು ತಪ್ಪಿಸಿಕೊಂಡವನ ಹಾಗೆ. ಅಜ್ಜಿ ಮಗನ ಕಡೆ ತಿರುಗಲೂ ಇಲ್ಲ. “ಸುಮ್ಕಿರ್ಲಾ” ಎಂದವರೇ ಜಯಕ್ಕನಿಗೆ, “ಕಾಪಿ ಗೀಪಿ ಕಾಸ್ತೀಯೋ, ಆಡ್ಕಂಡೇ ಕಳಿಸ್ತೀಯೋ? ಮದ್ವೇಲೂ ಇದ್ನೇ ಆಡು, ಯಾರ್ ಏನಂತಾರೋ ನಾನ್ ನೋಡ್ತೀನಿ” ಎಂದರು. ಧಾರೆಗೆ ಯಾರು ಕೂರಬೇಕೆಂಬ ಮಾತು ಆಮೇಲೆ ಏಳಲೇ ಇಲ್ಲ.

ಮರುದಿನ ಬೆಳಗ್ಗೆ ಬಟ್ಟೆ ಒಣಹಾಕುವಾಗ ಜಯಕ್ಕ ಕಾಂಪೌಂಡಿನ ಬಳಿ ಬಂದು ದನಿ ತಗ್ಗಿಸಿದಳು. “ಟೀಚರಮ್ಮ, ನಿಮ್ಗೊಂದು ನಿಜ ಯೇಳ್ಳಾ? ನಾನು ಬರ್ದಿದ್ದು ಕಾಡ್ಗೇನೇ ಕಣ್ರೀ. ಮರಗಿಡ ಇರೋ ಕಾಡು. ವರ್ಸ್‌ಗಟ್ಲೆ ಕೈಕೇಯಿ ಕೈಕೇಯಿ ಅಂದ್ರಲ್ಲ, ಊಂ ಕಣ್ರಪ್ಪ, ನಾನೇ ಕಳಿಸ್ದೆ, ಏನೀಗ ಅಂತ ಸಿಟ್ನಲ್ಲಿ ಬರ್ದೆ. ಕಣ್ಕಪ್ಪು ನನ್ ತಲೇಗೂ ಬಂದಿರ್ಲಿಲ್ಲ.”

ನನಗೆ ಮುಖ ಎಲ್ಲಿಡಬೇಕೆಂದು ತಿಳಿಯಲಿಲ್ಲ. “ಮತ್ತೆ ಅಲ್ಲೇ ಹೇಳಬಾರದಿತ್ತೇ ಜಯಕ್ಕ?”

“ಯಾಕೆ ಯೇಳ್ಳಿ? ನೀವು ಯೇಳಿದ್ದು ನಾನು ಬರ್ದಿದ್ದಕ್ಕಿಂತ ಸಂದಾಕಿತ್ತು. ಸುಮನ್ನ ನೋಡ್ದಾಗ, ಅಂಗೇ ಬರೀಬೇಕಿತ್ತು ಅನ್ನುಸ್ತು. ಈಗ ಅಂಗೇ ಬರ್ದಿದೀನಿ ಅನ್ಕಂಡ್ಬುಟ್ಟಿದೀನಿ.”

ಒದ್ದೆ ಟವೆಲನ್ನು ಕೈಯಲ್ಲಿ ಹಿಡಿದೇ ನಿಂತೆ. ಕವಿಯ ಮನಸ್ಸಿನಲ್ಲಿದ್ದದ್ದೇ ಕವಿತೆಯ ಅರ್ಥವೆಂದು ಮಕ್ಕಳಿಗೆ ಹೇಳಿ ನೋಟ್ಸು ಬರೆಸುತ್ತಾ ಬಂದವಳು ನಾನು. ಇಲ್ಲಿ ಕವಿಯೇ ತನ್ನ ಮನಸ್ಸನ್ನು ಅರ್ಥಕ್ಕೆ ತಕ್ಕಂತೆ ತಿದ್ದಿಕೊಂಡು, ಸೊಂಟದ ಮೇಲೆ ಬಕೆಟ್ಟಿಟ್ಟುಕೊಂಡು ಹೋಗುತ್ತಿದ್ದಳು. ಹಾಡು ಬಾಯಿಂದ ಹೊರಬಿದ್ದ ಮೇಲೆ ಕೇಳಿದವರ ಮನೆಯಲ್ಲೂ ಅಷ್ಟಿಷ್ಟು ಬೆಳೆಯುತ್ತದೋ ಏನೋ. ಸುಮ ಚಿಕ್ಕಮ್ಮನ ಕೈಯಲ್ಲಿ ಬೆಳೆದಂತೆ.

ಮದುವೆ ಚನ್ನರಾಯಪಟ್ಟಣದ ಕಲ್ಯಾಣಮಂಟಪದಲ್ಲಿ ನಡೆಯಿತು. ಧಾರೆಗೆ ಕೃಷ್ಣೇಗೌಡರ ಪಕ್ಕ ಜಯಕ್ಕನೇ ಕುಳಿತಳು. ಶಿವಣ್ಣ ಸೋದರಸೊಸೆಯನ್ನು ತೋಳು ಹಿಡಿದು ಹಸೆಗೆ ತಂದ, ಅತ್ತದ್ದು ಕಾಣಬಾರದೆಂದು ಕೂಲಿಂಗ್ ಗ್ಲಾಸ್ ಹಾಕಿಕೊಂಡು. ಅಜ್ಜಿಯ ಅಪ್ಪಣೆಯಂತೆ ಹಾಡು ಮೈಕಿನಲ್ಲೇ ಮೊಳಗಿತು. ಹಾಡು ಮುಗಿಯುತ್ತಲೂ ಗಂಡಿನ ಕಡೆಯ ಹಿರಿಯ ಹೆಂಗಸೊಬ್ಬರು ನನ್ನನ್ನು ಕಂಬದ ಮರೆಗೆ ಕರೆದು, “ಆ ಕೈಕೇಯಿ ಅಂತ ಆಡುದ್ರಲ್ಲ, ಅದು ನಂಗೆ ಅಂತ್ಲೇ ಆಡಿದ್ದಾ?” ಎಂದರು. ಇಲ್ಲವೆಂದೆ. ನಂಬಲಿಲ್ಲ. ಊಟದ ಪಂಕ್ತಿ ಏಳುವಷ್ಟರಲ್ಲಿ ಇನ್ನೂ ಕೆಲವರು ಅದೇ ಪ್ರಶ್ನೆ ಹೊತ್ತು ಬಂದಿದ್ದರು. ಒಬ್ಬರು ಗಂಡಸರು.

ಹೆಣ್ಣನ್ನು ಮನೆ ತುಂಬಿಸಲು ಟೆಂಪೋ ಟ್ರಾವೆಲರಿನಲ್ಲಿ ನಾಗರಹೊಳೆಗೆ ಹೊರಟಾಗ, ಕಾಡೆಂದರೆ ಎಂಥದೆಂದು ಕಣ್ಣಾರೆ ನೋಡಿಯೇ ತೀರಬೇಕೆಂದು ನಂಜಮ್ಮಜ್ಜಿ ಹಟ ಹಿಡಿದು ಹತ್ತಿದರು. ನಾನೂ ಜೊತೆಗಿದ್ದೆ. ಮಹೇಶನ ಕ್ವಾರ್ಟರ್ಸು ಚಿಕ್ಕದಾದರೂ ಅಚ್ಚುಕಟ್ಟಾಗಿತ್ತು. ಅಜ್ಜಿ ಪಾತ್ರೆಪಗಡೆ, ನಲ್ಲಿ, ಚಿಲಕ ಎಲ್ಲವನ್ನೂ ಪರೀಕ್ಷೆ ಮಾಡಿದರು; ಅಂಗಳದಾಚೆ ಜಿಂಕೆಗಳು ಮೇಯುವುದನ್ನು ಕಂಡು, “ಇವ್ಕೆ ಜ್ವಾಳ ಗೀಳ ತಿನ್ನಕೆ ಬುಡ್ಬ್ಯಾಡ” ಎಂದು ಮೊಮ್ಮಗಳಿಗೆ ಎಚ್ಚರಿಕೆ ಕೊಟ್ಟರು. ಕಾಡಿನ ಮೇಲೆ ಅವರಿಗಿದ್ದ ದೂರು ಅದೊಂದೇ.

ವಾಪಸು ಬರುವಾಗ ತಿರುವುಗಳಿಗೆ ಅಜ್ಜಿಯ ಹೊಟ್ಟೆ ತೊಳಸಿತು. ಜಯಕ್ಕ ನಿಂಬೆಹಣ್ಣು ಮೂಸಿಸಿ, ತಲೆಯನ್ನು ತನ್ನ ತೊಡೆಯ ಮೇಲಿಟ್ಟುಕೊಂಡು ಬೆನ್ನು ನೀವುತ್ತಾ ಕುಳಿತಳು. ಮುಂದಿನ ಸೀಟಿನಲ್ಲಿ ಶಿವಣ್ಣ, ಆನೆ ಬಂದರೆ ಹಾರ್ನ್ ಹೊಡೆಯಬೇಕೋ ಬೇಡವೋ ಎಂದು ಡ್ರೈವರನ ಜೊತೆ ವಾದ ಮಾಡುತ್ತಿದ್ದ. ಹುಣಸೂರು ದಾಟಿದ ಮೇಲೆ, ನಿದ್ದೆ ಹೋಗಿದ್ದಾರೆಂದು ನಾನಂದುಕೊಂಡಿದ್ದ ಅಜ್ಜಿ ಕಣ್ಣು ಮುಚ್ಚಿಕೊಂಡೇ ಮಾತಾಡಿದರು.

“ಲೇ ಜಯ.”

“ಏನವ್ವ?”

“ಮಗಿ ಅಲ್ಲೇ ಉಳ್ಕತು. ಇನ್ಮ್ಯಾಕೆ ನಾನು ಯಾರ್ನ ಬಯ್ಯದು?”

“ನನ್ನೇ ಬಯ್ಯವ್ವ, ಅದ್ಕೇನಂತೆ” ಎಂದಳು ಜಯಕ್ಕ, ಬೆನ್ನು ನೀವುವುದನ್ನು ನಿಲ್ಲಿಸದೆ. “ಅರಕಲಗೂಡಿನಲ್ಲಿ ಕುಂತ್ಕಂಡು ಮಾತ್ರ ಬಯ್ಯಬ್ಯಾಡ. ಮನೆಗ್ ಬಂದು, ನಾಕ್ ದಿನ ಇದ್ದು ಬಯ್ಯಿ.”