ಸೇಬಿನ ಪೆಟ್ಟಿಗೆಯಲ್ಲಿ ಒಣಗಿದ ಹಾಡು

ಕೆಂಟಕಿಯ ನಮ್ಮ ಕಣಿವೆಯಲ್ಲಿ ಒರ್ಲೀನಾ ಹಾಡಿದರೆ ಎದುರು ಗುಡ್ಡದ ಹಸುಗಳು ಮೆಲುಕು ನಿಲ್ಲಿಸುತ್ತಿದ್ದವು. ಒಂದು ಕಂದು ಹಸು ತಲೆದೂಗಿದ್ದನ್ನು ನಾನೇ ಕಂಡಿದ್ದೇನೆ. ನಂಬದವರು ಹಸುವನ್ನೇ ಕೇಳಬಹುದಿತ್ತು, ಪಾಪ, ಸತ್ತುಹೋಯಿತು.

ಆದರೆ ಇದು ಅವಳ ತಂಗಿ ಡೆಲ್ಫಿಯಾಳ ಕಥೆ. ಇವಳು ಚರ್ಚಿನಲ್ಲಿ ದನಿಯೆತ್ತಿದರೆ ಪಾದ್ರಿಗಳು ಬೇಗನೆ ಆಶೀರ್ವದಿಸಿ ಎಲ್ಲರನ್ನೂ ಮನೆಗೆ ಕಳಿಸುತ್ತಿದ್ದರು.

ಕೈ ಖಾಲಿಯಿದ್ದರೆ ಒರ್ಲೀನಾ ಬಾಯಿ ತೆರೆಯುವವಳಲ್ಲ. ಹಾಡು ಬರುತ್ತಿದ್ದದ್ದು ಜಗಲಿಯಲ್ಲಿ ಕೂತು ಹುರುಳಿಕಾಯಿಯ ನಾರು ಸುಲಿಯುವಾಗ ಮಾತ್ರ. ಹಾಗೆ ಸುಲಿಯುತ್ತ ಹಾಡಿದ್ದನ್ನೇ ಡೆಲ್ಫಿಯಾ ಒಂಬತ್ತು ಸುರುಳಿ ಟೇಪಿನಲ್ಲಿ ಹಿಡಿದಿಟ್ಟಳು. ಅಕ್ಕ ತೀರಿಕೊಂಡ ಮೇಲೆ ಅವನ್ನು ಒರತೆಯ ಮೇಲಿನ ಕಲ್ಲುಕೋಣೆಯಲ್ಲಿ, ಬೆಣ್ಣೆಯ ಪಕ್ಕ ಇಟ್ಟಳು. ಹಾಲೇ ಕೆಡದ ತಂಪಿನಲ್ಲಿ ಹಾಡು ಕೆಡುವುದುಂಟೇ?

ಇಪ್ಪತ್ತು ವರ್ಷದ ಮೇಲೆ ಟೇಪುಗಳ ಪ್ರತಿ ಮಾಡಿಕೊಳ್ಳಲು ಕಾಲೇಜಿನಿಂದ ಮಾರ್ಲಾ ಎಂಬಾಕೆ ಬಂದಳು. ಯಂತ್ರಕ್ಕೆ ಹಾಕಿದ ಮೊದಲ ಸುರುಳಿಯೇ ಕಿರುಗುಟ್ಟಿ ಅಂಟಿಕೊಂಡಿತು.

"ತೇವ ಕುಡಿದಿದೆ ಅಜ್ಜೀ. ಹೀಗೇ ಓಡಿಸಿದ್ರೆ ದನೀನೇ ಕಿತ್ಕೊಂಡು ಬರುತ್ತೆ."

ಡೆಲ್ಫಿಯಾಳ ಮುಖ ಬಿಳಿಚಿತು. "ನಾನೇ ಅವಳನ್ನ ಇನ್ನೊಂದ್ಸಲ ಸಾಯಿಸಿದ್ನಾ?"

"ಇಲ್ಲ ಅಜ್ಜೀ, ಒಂದು ಹಗಲು ಸಣ್ಣ ಬಿಸೀಲಿ ಒಣಗಿಸ್ಬೇಕು. ಕೈಗೆ ಹಿತವಾಗಿ ಸುಡೋವಷ್ಟು. ಹೆಚ್ಚಾದ್ರೆ ಕೆಟ್ಟಿತು."

"ಅಯ್ಯೋ, ಅದು ಸೇಬಿನ ಹೋಳಿನ ಬಿಸಿ ಕಣೇ!"

ಡೆಲ್ಫಿಯಾ ಸೇಬು ಒಣಗಿಸುವ ಕರೆಂಟಿನ ಪೆಟ್ಟಿಗೆ ಎಳೆದು ತಂದು ಸುರುಳಿಯನ್ನು ಒಳಗಿಟ್ಟಳು. ಪಕ್ಕದ ಮನೆಯವನಾದ ನಾನು ಸುಮ್ಮನಿರಲಾರದೆ, "ಸ್ವಲ್ಪ ದಾಲ್ಚಿನ್ನಿ ಉದುರಿಸ್ತೀಯಾ?" ಎಂದೆ.

"ಲೋ ಮುದುಕ, ನಿನ್ನ ನಾಲಿಗೇನೂ ಒಳಗಿಡ್ತೀನಿ, ಬಾ."

ಬೆಳಗಿನಿಂದ ಸಂಜೆಯವರೆಗೆ, ಜ್ವರ ಬಂದ ಮಗುವಿನ ಹಣೆ ಮುಟ್ಟಿದಂತೆ, ಮುಚ್ಚಳದ ಮೇಲೆ ಅಂಗೈ ಇಟ್ಟು ಕೂತಳು. ಮೊಣಕಾಲು ಹಿಡಿದುಕೊಂಡರೂ ಏಳಲಿಲ್ಲ.

ಮರುದಿನ, ಆರಿದ ಸುರುಳಿಯನ್ನು ಮಾರ್ಲಾ ಯಂತ್ರಕ್ಕೆ ಹಾಕಿದಳು. ನಾನು ಉಸಿರು ಬಿಗಿಹಿಡಿದೆ. ನನ್ನ ಲೆಕ್ಕದಲ್ಲಿ ಮುಕ್ಕಾಲು ಗಂಟೆ. ಒರ್ಲೀನಾ ಹಾಡಿದಳು. ಹಾಡಿನ ನಡುವೆ ಪಟ್, ಪಟ್ ಎನ್ನುವ ಸದ್ದು.

"ಈ ಸದ್ದನ್ನ ಅಳಿಸಿಬಿಡಬಹುದು ಅಜ್ಜೀ," ಎಂದಳು ಮಾರ್ಲಾ.

"ಮುಟ್ಟಿದ್ರೆ ನೋಡು! ನಾರು ಸುಲೀತಿದ್ದವಳು ಅವಳು, ಕಾಯಿ ಮುರೀತಿದ್ದವಳು ನಾನು. ಅಷ್ಟೇ ಕಣೇ ನನ್ನ ಹಾಡು."

ಅಷ್ಟರಲ್ಲಿ ಟೇಪಿನೊಳಗೆ ಹಾಡು ನಿಂತಿತು. "ಮೆಲ್ಲಗೆ ಮುರಿಯೇ ಡೆಲ್ಫಿ, ತಾಳ ತಪ್ತಿದೆ," ಎಂದಳು ಒರ್ಲೀನಾ.

ಡೆಲ್ಫಿಯಾ ಮಡಿಲಲ್ಲಿ ಕೈ ಜೋಡಿಸಿಕೊಂಡಳು. "ಆಯ್ತಕ್ಕಾ," ಎಂದಳು, ಯಂತ್ರದ ಕಡೆ ಬಾಗಿ.