ಬಾವಿಗೆ ಬೀಳದ ಕ್ಯಾಸೆಟ್

ತೀರಿಹೋದ ಪಪ್ಪನ ಗಲ್ಫ್ ಪೆಟ್ಟಿಗೆಯ ತಳದಲ್ಲಿ ನನ್ನ ಬಾಲ್ಯದ ಮಕ್ಕಳ ಹಾಡಿನ ಕ್ಯಾಸೆಟ್ ಸಿಕ್ಕಿತು. ಅದನ್ನು ತಂಗಿ ಬಾವಿಗೆ ಎಸೆದಳೆಂದು ನಾನು ನಲವತ್ತು ವರ್ಷಗಳಿಂದ ಸಾರುತ್ತ ಬಂದವನು. ಅವಳ ಮದುವೆಯ ಊಟದ ಪಂಕ್ತಿಯಲ್ಲೂ ಸಾರಿದ್ದೆ. ಈಗ ತೀರ್ಪನ್ನು ಸ್ವಲ್ಪ ತಿದ್ದಿದೆ: ಎಸೆದದ್ದಲ್ಲ, ಅಡಗಿಸಿಟ್ಟದ್ದು.

ಕ್ಯಾಸೆಟ್ ಹಾಡುವುದು ಭಾವನ ಹಳೆಯ ಕಾರಿನಲ್ಲಿ ಮಾತ್ರ. ಶಕ್ತಿನಗರದಿಂದ ಪಡೀಲಿನ ತಂಗಿಯ ಮನೆಗೆ ಹೊರಟೆ. ಬಿಸಿಲಿಗೆ ಟೇಪು ಕರಗೀತೆಂದು ಮೈ ಒರೆಸುವ ಬೈರಾಸಿನಲ್ಲಿ ಸುತ್ತಿ, ದಾರಿಯಲ್ಲಿ ಎರಡು ಸಲ ಸ್ಕೂಟರ್ ನಿಲ್ಲಿಸಿ ಮುಟ್ಟಿ ನೋಡಿದೆ. ನನ್ನ ಬಿಪಿ ಮಾತ್ರೆಗೂ ಇಷ್ಟು ಮರ್ಯಾದೆ ಇಲ್ಲ.

ಪಪ್ಪ ಗಲ್ಫಿನಲ್ಲಿದ್ದಾಗ ನಾವು ಕಾಗದ ಬರೆಯುತ್ತಿರಲಿಲ್ಲ. ಕ್ಯಾಸೆಟ್ಟಿನಲ್ಲಿ ಮಾತಾಡಿ, ರಜೆ ಮುಗಿಸಿ ಹೊರಟವರ ಕೈಯಲ್ಲಿ ಕಳಿಸುತ್ತಿದ್ದೆವು. ಹಾಡಿನ ಕ್ಯಾಸೆಟ್ಟಿನ ಅಂಚಿನ ತೂತಿಗೆ ಕಾಗದ ತುರುಕಿದರೆ ಹಾಡಿನ ಮೇಲೆಯೇ ಮಾತು ತುಂಬಿಸಬಹುದಿತ್ತು. ಅಮ್ಮ ಮನೆಯ ಎಲ್ಲ ಕ್ಯಾಸೆಟ್ಟುಗಳಿಗೂ ಮುಂಚಿತವಾಗಿಯೇ ತುರುಕಿಟ್ಟಿದ್ದರು. ನನ್ನ ಕ್ಯಾಸೆಟ್ ಕಾಣೆಯಾದಾಗ ನಾನು ತಂಗಿಯತ್ತ ಬೆರಳು ತೋರಿಸಿದೆ. ಅಮ್ಮ ಅವಳಿಗೆ ಎರಡು ಬಾರಿಸಿ, ಟೇಪ್‌ರೆಕಾರ್ಡರಿನ ಹತ್ತಿರ ಹೋಗಬಾರದೆಂದು ಕಟ್ಟಪ್ಪಣೆ ಮಾಡಿದರು.

ಅಂಗಳದ ಕಾರಿನೊಳಗೆ ನಾವಿಬ್ಬರೂ ಕೂತೆವು. ಏಡಿಯೊಂದು ಬಸ್ಸು ಓಡಿಸುವ ಹಾಡು ಶುರುವಾಯಿತು. ಇಷ್ಟು ವರ್ಷ ನಾನು ಅಮರಗಾನವೆಂದು ನಂಬಿದ್ದು, ಮೂಗು ಕಟ್ಟಿದವರೊಬ್ಬರು ಹಾರ್ಮೋನಿಯಂ ಜೊತೆ ಜಗಳವಾಡಿದಂತಿತ್ತು. ಬಸ್ಸು ಸೇತುವೆ ಹತ್ತುವಾಗ ಟೇಪು ಟಕ್ಕೆಂದಿತು. ಆಮೇಲೆ ಕೀರಲು ಸ್ವರವೊಂದು:

"ಪಪ್ಪಾ, ಅಮ್ಮನಿಗೆ ಗೊತ್ತಾಗದ ಹಾಗೆ ಮಾತಾಡುವುದು. ನೀವು ಬರುವ ವಿಮಾನ ಬೀಳುವುದಿಲ್ಲ ಅಲ್ವಾ? ತಂಗಿ ನನ್ನ ವಸ್ತು ಎಲ್ಲ ಹಾಳು ಮಾಡ್ತಾಳೆ. ಅವಳಿಗೆ ಚಾಕಲೇಟ್ ತರಬೇಡಿ."

ತಂಗಿ ನಗುತ್ತ ಟೇಪು ನಿಲ್ಲಿಸಿದಳು. "ಅಣ್ಣ, ಇದು ಯಾರ ಸ್ವರ?"

"ಹಳೇ ಟೇಪ್ ಅಲ್ವಾ, ಸ್ವರ ಎಲ್ಲ ಬದಲಾಗ್ತದೆ."

"ಬದಲಾಗಿ ವಿಮಾನಕ್ಕೆ ಹೆದರ್ತದಾ? ಎಂತ ಮಾರಾಯ! ನೀನೇ ಗಲ್ಫಿಗೆ ಕಳಿಸಿ, ನನ್ನ ತಲೆಗೆ ಕಟ್ಟಿದ್ದಾ?"

"ಖಾಲಿ ಕ್ಯಾಸೆಟ್ ಅಂತ ತೆಗೆದದ್ದಿರಬೇಕು. ನಂಗೆ ಎಂಟು ವರ್ಷ."

"ನಂಗೆ ಆರು. ಪೆಟ್ಟು ಹೋಗ್ಲಿ. ಒಂದು ವರ್ಷ ಪಪ್ಪನಿಗೆ ನನ್ನ ಒಂದು ಮಾತೂ ಹೋಗ್ಲಿಲ್ಲ, ಗೊತ್ತುಂಟಾ ನಿಂಗೆ?"

ಈಗ ಅವಳು ನಗುತ್ತಿರಲಿಲ್ಲ. ನಾನು ತಪ್ಪಾಯಿತೆಂದೆ.

"ಇಲ್ಲಿ ಗುಟ್ಟಿನಲ್ಲಿ ಹೇಳಿದ್ರೆ ಆಗ್ಲಿಕ್ಕಿಲ್ಲ. ಅಮ್ಮನಿಗೆ ಫೋನ್ ಮಾಡು."

ಮಾಡಿದೆ. ಈ ವಯಸ್ಸಿನಲ್ಲಿ ಅಮ್ಮನ ಬಿಪಿ ಏರಿದರೆ ಎಂಬ ನೆಪ ನಾಲಿಗೆಯ ತುದಿಯವರೆಗೆ ಬಂದಿತ್ತು. ತಂಗಿಯ ಮುಖ ನೋಡಿ ನುಂಗಿಕೊಂಡೆ. ಎಲ್ಲ ಹೇಳಿದೆ. ಅಮ್ಮ, "ಫೋನ್ ಅವಳಿಗೆ ಕೊಡು" ಎಂದರು.

ತಂಗಿ ಫೋನ್ ಹಿಡಿದು ಕಾರಿನಿಂದಿಳಿದು, ಬಾಗಿಲು ಹಾಕಿ, ಗೇಟಿನವರೆಗೆ ಹೋದಳು. ಒಮ್ಮೆ ಸೆರಗಿನಿಂದ ಮೂಗೊರೆಸಿಕೊಂಡದ್ದು ಕಂಡಿತು. ಅಮ್ಮ ಏನು ಹೇಳುತ್ತಿದ್ದಾರೆಂದು ಕೇಳಲು ಗಾಜು ಇಳಿಸ ಹೊರಟೆ. ಭಾವನ ಕಾರಿನ ಆ ಕಡೆಯ ಗಾಜು ಇಳಿಯುವುದಿಲ್ಲ.