ಬಲತೋಳಿನ ಹಸಿರು ಗಂಟು

ಮೊನ್ನೆ ಮಧ್ಯಾಹ್ನ ಮೊಮ್ಮಗಳು ಸೃಷ್ಟಿ ತನ್ನ ಫೋನನ್ನು ನನ್ನ ಮೂಗಿನ ತನಕ ತಂದು ಹಿಡಿದಳು. ಯಾವುದೋ ದೂರದ ಊರಿನ ಫ್ಯಾಶನ್ ಶೋ. ಊಟ ಬಿಟ್ಟು ನಾಲ್ಕು ದಿನವಾದಂತೆ ಕಾಣುವ ಹುಡುಗಿಯರು, ಯಾರ ಮೇಲೋ ಸಿಟ್ಟಾದವರ ಹಾಗೆ ಮುಖ ಬಿಗಿದುಕೊಂಡು, ಒಬ್ಬರ ಹಿಂದೊಬ್ಬರು ನಡೆದು ಬರುತ್ತಿದ್ದರು. ಒಬ್ಬಳ ರೆಪ್ಪೆಗೆ ನೀಲಿ, ಇನ್ನೊಬ್ಬಳ ಗಲ್ಲಕ್ಕೆ ಬೆಳ್ಳಿ. ನಾನು "ಹೂಂ, ಹೂಂ" ಅನ್ನುತ್ತ ಅರ್ಧ ನಿದ್ದೆಯಲ್ಲಿದ್ದೆ. ಅಷ್ಟರಲ್ಲಿ ಕರಿಯ ಅಂಗಿಯವಳೊಬ್ಬಳು ಬಂದಳು. ಅವಳ ಬಲತೋಳಿಗೆ ಹಸಿರು ಪಟ್ಟಿಯೊಂದನ್ನು ಗಂಟು ಹಾಕಿ ಕಟ್ಟಿದ್ದರು. ನನ್ನ ನಿದ್ದೆ ಹಾರಿಹೋಯಿತು.

"ಇದು ಲೇಟೆಸ್ಟ್, ಅಜ್ಜಿ," ಅಂದಳು ಸೃಷ್ಟಿ.

"ಇದನ್ನ ನಾ ಐವತ್ತು ವರ್ಷದ ಹಿಂದನ ಹಾಕ್ಕೊಂಡೇನಿ," ಅಂದೆ. ಅವಳು ನಕ್ಕಳು. ನೀವೂ ನಗಬಹುದು, ಆದರೆ ಸ್ವಲ್ಪ ಕೇಳಿ ಆಮೇಲೆ ನಗಿ.

ಎಪ್ಪತ್ತರ ದಶಕದಲ್ಲಿ ನಮ್ಮ ಗುಡಗೇರಿಯಲ್ಲೂ ಒಂದು ಫ್ಯಾಶನ್ ಶೋ ಇತ್ತು. ದಿನಾ ನಡೆಯುತ್ತಿತ್ತು. ನೋಡುವವರಿಗೆ ಟಿಕೀಟಿರಲಿಲ್ಲ, ನೋಡಿಸಿಕೊಳ್ಳುವವರ ಹತ್ತಿರ ಇರುತ್ತಿತ್ತು. ಅಂದರೆ ರೈಲು. ಎರಡು ಮೂರು ನಿಮಿಷ ನಿಲ್ಲುವ ಗಾಡಿಯ ಕಿಟಕಿಗಳಲ್ಲಿ ಬೆಂಗಳೂರು, ಹುಬ್ಬಳ್ಳಿ, ಪುಣೆಯ ಹೆಂಗಸರು ಸಾಲಾಗಿ ಕೂತಿರುತ್ತಿದ್ದರು. ಸ್ಟೇಶನ್ನಿನ ಎದುರಿಗೇ ಮಾಬೂಬಿ ಕಾಕುವಿನ ಮನೆ, ಕಟ್ಟೆಯ ಮೇಲೆ ಅವಳ ಹೊಲಿಗೆ ಮಶಿನ್ನು. ನಮ್ಮದು ಬಾಜೂಮನೆ. ಗಾಡಿ ಬಂದಿತೆಂದರೆ ಕಾಕು ಮಶಿನ್ನಿನ ಗಾಲಿಗೆ ಕೈ ಒತ್ತಿ ನಿಲ್ಲಿಸಿ, ಕನ್ನಡಕ ಏರಿಸಿಕೊಂಡು, ಎಂಜಿನ್ನಿನಿಂದ ಗಾರ್ಡಿನ ಡಬ್ಬಿಯ ತನಕ ಒಂದು ಸಲ ಕಣ್ಣು ಹಾಯಿಸುತ್ತಿದ್ದಳು.

"ಇವತ್ತ ಎಲ್ಲಾರ್ದೂ ಮೊಣಕೈ ತನಕಾ ತೋಳು ನೋಡವಾ. ಹೋದ ವಾರ ಹಿಂಗಿರಲಿಲ್ಲ."

ಊರಿನ ಕುಪ್ಪಸಗಳ ತೋಳು ಆ ವಾರವೇ ಉದ್ದವಾಗುತ್ತಿದ್ದವು. ಕಿಟಕಿಯಲ್ಲಿ ಕಂಡಷ್ಟೇ ನಮ್ಮ ಫ್ಯಾಶನ್. ಸೊಂಟದ ಕೆಳಗೆ ಪಟ್ಟಣದವರು ಏನು ಉಡುತ್ತಿದ್ದರೋ ನಮಗೆ ತಿಳಿಯುತ್ತಿರಲಿಲ್ಲ. ಒಮ್ಮೆ ಒಬ್ಬ ಹೆಂಗಸು ಕಾಡಿಗೆಯನ್ನು ಕಣ್ಣಿನಾಚೆ ಮೀನಿನ ಬಾಲದ ಹಾಗೆ ಎಳೆದುಕೊಂಡಿದ್ದಳು. ನಾನು ಮನೆಗೆ ಓಡಿ, ಕಡ್ಡಿಪೆಟ್ಟಿಗೆಯ ಕಡ್ಡಿಯನ್ನು ಕಾಡಿಗೆಯಲ್ಲಿ ಅದ್ದಿ, ಕನ್ನಡಿಯ ಮುಂದೆ ಬಹಳ ಹೊತ್ತು ತಪಸ್ಸು ಮಾಡಿದೆ. ಊಟಕ್ಕೆ ಕೂತಾಗ ಅಪ್ಪ ತುತ್ತು ಕೈಯಲ್ಲೇ ಹಿಡಿದು, "ಯಾಕವಾ, ಕಣ್ಣಿಗೆ ಏನರ ಬಡೀತೇನು?" ಎಂದು ನಿಜವಾದ ಕಳವಳದಿಂದ ಕೇಳಿದ. ಅಲ್ಲಿಗೆ ನನ್ನ ಮೇಕಪ್ಪಿನ ಅಧ್ಯಾಯ ಮುಗಿಯಿತು.

ಆ ವರ್ಷ ನನಗೆ ಧಾರವಾಡದಲ್ಲಿ ಶಿಕ್ಷಕಿಯರ ತರಬೇತಿಗೆ ಸೀಟು ಸಿಕ್ಕಿತ್ತು. ಓಣಿಯಲ್ಲಿ ಹಾಸ್ಟೆಲ್ಲಿಗೆ ಹೊರಟ ಮೊದಲ ಹುಡುಗಿ ನಾನು. ಎಲ್ಲರೆದುರು ಜಂಬ, ಒಳಗೆ ಪುಕುಪುಕು. ಪಾಠದ ಹೆದರಿಕೆಯಲ್ಲ. ಪಟ್ಟಣದ ಹುಡುಗಿಯರು ನನ್ನನ್ನು ಕಂಡು ಹಳ್ಳಿಗುಗ್ಗು ಎಂದು ನಕ್ಕರೆ ಏನು ಮಾಡಲಿ, ವಾಪಸು ಗಾಡಿ ಹತ್ತಿ ಬಂದುಬಿಟ್ಟರೆ ಊರವರ ಮುಂದೆ ಅಪ್ಪನ ಮುಖ ಹೇಗಿದ್ದೀತು, ಎಂಬ ಹೆದರಿಕೆ. ಒಂದು ಒಳ್ಳೆಯ ಕುಪ್ಪಸ ನನ್ನನ್ನು ಕಾಪಾಡುತ್ತದೆ ಎಂದು ನಂಬಿದ್ದೆ. ಹದಿನೇಳರ ಬುದ್ಧಿ! ಅತ್ತೆ ಕೊಟ್ಟಿದ್ದ ನೀಲಿ ಬಟ್ಟೆ ಕಾಕುವಿನ ಹತ್ತಿರ ಹದಿನೈದು ದಿನದಿಂದ ಬಿದ್ದಿತ್ತು. ನನಗೆ ಯಾವ ಮಾದರಿಯೂ ಮನಸ್ಸಿಗೆ ಬರುತ್ತಿರಲಿಲ್ಲ, ಅವಳು ಕತ್ತರಿ ಹಾಕುತ್ತಿರಲಿಲ್ಲ.

ಒಂದು ಸಂಜೆಯ ಗಾಡಿಯಲ್ಲಿ ಒಬ್ಬ ಹೆಂಗಸು ಬಂದಳು. ಕಪ್ಪು ಕುಪ್ಪಸ, ಕಿಟಕಿಯ ಮೇಲೆ ಚಾಚಿದ ಬಲಗೈ, ತೋಳಿನ ಮೇಲೆ ಜರಿಯಂಚಿನ ಹಸಿರು ಗಂಟು. ಅಂಥದನ್ನು ನಾನು ಕಂಡೇ ಇರಲಿಲ್ಲ.

"ಕಾಕೂ, ನನಗ ಹಂಥಾದ ಬೇಕು!"

ಕಾಕು ಕನ್ನಡಕ ಏರಿಸಿ ನೋಡಿದಳು. ಆಮೇಲೆ, ಯಾಕೋ, ಆ ಹೆಂಗಸಿಗೆ ಕೈಯೆತ್ತಿ ಸಲಾಮು ಮಾಡಿದಳು. ಅವಳೂ ನಕ್ಕು ಸಲಾಮು ಮಾಡಿದಳು. ಗಾಡಿ ಹೊರಟಿತು.

"ಅದು ಎಲ್ಲಾರಿಗೂ ಒಪ್ಪಂಗಿಲ್ಲವಾ," ಅಂದಳು ಕಾಕು. "ದೂರ ಹೋಗೋರಿಗಷ್ಟ ಒಪ್ತೈತಿ."

"ನಾ ಹೊಂಟೇನಲ್ಲ ಧಾರವಾಡಕ್ಕ!"

ಅವಳ ನಗು ಮುಖದಲ್ಲೆಲ್ಲ ಹರಡಿತು. "ಖರೇ. ಹಂಗಾದ್ರ ಹೊಲೀತೀನಿ ತಗೋ."

ಎರಡೂ ತೋಳಿಗಿರಲಿ ಅಂದೆ. ಬಲತೋಳಿಗೊಂದೇ ಸಾಕು ಅಂದಳು. ಹೊರಡುವ ದಿನ ಮುಂಜಾನೆ ತಾನೇ ತಂದು ತೊಡಿಸಿದಳು. ಗಂಟಿನ ಹಸಿರು ಬಟ್ಟೆ ಅವಳ ಹಳೆಯ ಸೆರಗಿನದು, ಜರಿಯೂ ಅದರದೇ. ಕನ್ನಡಿಯಲ್ಲಿ ನೋಡಿಕೊಂಡು ನಾನು ಹಿಗ್ಗಬೇಕೋ ಬೇಡವೋ? ನಾನು ತಪ್ಪು ಹುಡುಕಿದೆ.

"ಕಾಕೂ, ಇದು ಗಾಳಿಗೆ ಹಾರಂಗಿಲ್ಲ ಬೇ. ಜೋತ ಬೀಳ್ತೈತಿ."

"ಹಾರೂದು ಬ್ಯಾಡ," ಅಂದಳು. "ನೀ ಊರು ಮುಟ್ಟಿದ್ರ ಸಾಕು."

ಹಾಸ್ಟೆಲ್ಲಿನಲ್ಲಿ ಯಾರೂ ನಗಲಿಲ್ಲ. ಮೊದಲ ದಿನವೇ ಇಬ್ಬರು ತೋಳು ಹಿಡಿದು ನೋಡಿದರು. "ಮುಂಬೈ ಕಡೆ ಈಗ ಇದ ನಡದೈತಿ," ಎಂದು ಮುಂಬೈಯನ್ನು ಕನಸಿನಲ್ಲೂ ಕಾಣದ ನಾನು ಹೇಳಿದೆ. ತಿಂಗಳು ತುಂಬುವುದರೊಳಗೆ ಆರೇಳು ಹುಡುಗಿಯರು ಗಂಟು ಹೊಲಿಸಿಕೊಂಡರು. ಗುಲಾಬಿ, ಹಳದಿ, ಒಬ್ಬಳಂತೂ ಎರಡೂ ತೋಳಿಗೆ. ನಾನು ಹಾಸ್ಟೆಲ್ಲಿನ ಫ್ಯಾಶನ್ ಗುರುವಾಗಿ, ಬೇಡಿದವರಿಗೂ ಬೇಡದವರಿಗೂ ಉಪದೇಶ ಕೊಡತೊಡಗಿದೆ.

ಆಗ ಅಣ್ಣಿಗೇರಿಯ ಶಮೀಮ್ ಬಂದಳು. ಜ್ವರ ಬಿದ್ದು ತಡವಾಗಿ ಸೇರಿದವಳು, ನಮ್ಮ ಕೋಣೆಗೇ ಬಂದಳು. ನನ್ನ ತೋಳು ನೋಡಿದವಳೇ, "ನಿನಗ ಇಮಾಮ್ ಜಾಮೀನ್ ಯಾರ ಕಟ್ಟ್ಯಾರ?" ಅಂದಳು.

"ಅಂದ್ರ?"

"ನಮ್ಮಲ್ಲಿ ದೂರ ಹೋಗೋರ ಬಲತೋಳಿಗೆ ದುಡ್ಡು ಇಟ್ಟು ಕಟ್ತಾರ. ಇಮಾಮರ ಮ್ಯಾಲ ಭಾರ ಹಾಕಿ ಕಳಸಿದಂಗ. ಸುಖವಾಗಿ ಮುಟ್ಟಿದ ಮ್ಯಾಲ ಆ ದುಡ್ಡು ಬಡವರಿಗೆ ಕೊಡಬೇಕು."

ಇದು ಫ್ಯಾಶನ್ನು, ಗಾಡಿಯಲ್ಲಿ ನೋಡಿದ್ದು, ಎಂದೆ. ಶಮೀಮ್ ಮಂಚದ ಮೇಲೆ ಕುಸಿದು ನಕ್ಕಳು. ಕಣ್ಣೊರೆಸಿಕೊಂಡು ನನ್ನ ಗಂಟನ್ನು ಬೆರಳಲ್ಲಿ ಒತ್ತಿ ನೋಡಿದಳು. ನಗು ನಿಂತಿತು.

"ಏ, ಇದರಾಗ ಖರೇನ ಐತಲ್ಲ!"

ಬಿಚ್ಚಿದೆವು. ಒಳಗೆ ನಾಲ್ಕಾಣೆಯ ಪಾವಲಿಯೊಂದು, ಅಲುಗಾಡದಂತೆ ಸುತ್ತಲೂ ಸಣ್ಣ ಹೊಲಿಗೆ. ಉಳಿದವರ ಗಂಟುಗಳಲ್ಲಿ ಏನೂ ಇರಲಿಲ್ಲ. ಹಾಸ್ಟೆಲ್ಲಿಗೆ ಬಂದ ಮೇಲೆ ಅಂದೇ ಮೊದಲ ಸಲ ಅತ್ತುಬಿಟ್ಟೆ. ಮನೆಯ ನೆನಪಿಗಲ್ಲ. ಇಷ್ಟು ದಿನ ಒಬ್ಬಳೇ ಬಂದಿದ್ದೇನೆ ಎಂದುಕೊಂಡಿದ್ದೆನಲ್ಲ, ಅದಕ್ಕೆ. ಗುಟ್ಟು ಬಿಟ್ಟುಕೊಡಬೇಡ ಎಂದು ಶಮೀಮಳ ಕೈ ಹಿಡಿದೆ. ಪುಣ್ಯಾತ್ಗಿತ್ತಿ, ಯಾರಿಗೂ ಅನುಮಾನ ಬರಬಾರದೆಂದು ತಾನೂ ಒಂದು ಗಂಟು ಹೊಲಿಸಿಕೊಂಡಳು.

ರಜೆಗೆ ಬಂದಾಗ ಕಾಕು ಮಶಿನ್ನು ತುಳಿಯುತ್ತಲೇ ಕೇಳಿದಳು: "ಬಿಚ್ಚಿ ನೋಡಿದೇನು?"

"ಹೂಂ. ಮೊದಲ ಯಾಕ ಹೇಳಲಿಲ್ಲ ಬೇ?"

"ಹೇಳಿದ್ರ ಹಾಕ್ಕೋತಿದ್ದೇನು?"

ಪಟ್ಟಣದವರು ಏನಂದಾರು ಎಂದು ನಡುಗುತ್ತಿದ್ದ ಹುಡುಗಿ ಹಾಕಿಕೊಳ್ಳುತ್ತಿರಲಿಲ್ಲ, ಅದು ಇಬ್ಬರಿಗೂ ಗೊತ್ತಿತ್ತು.

"ಪಾವಲಿ ಯಾರಿಗೆ ಕೊಟ್ಟಿ?"

"ಸ್ಟೇಶನ್ನಾಗ ಒಬ್ಬ ಮುದುಕಿಗೆ."

ಕಾಕು ಕನ್ನಡಕದ ಮೇಲಿನಿಂದ ನನ್ನನ್ನು ನೋಡಿದಳು. "ಸುಳ್ಳ ಹೇಳೂದನ್ನೂ ಕಲಸ್ತಾರೇನು ನಿಮ್ಮ ಕಾಲೇಜಿನಾಗ?" ಎಂದು ಮತ್ತೆ ತುಳಿಯತೊಡಗಿದಳು.

ಪಾವಲಿ ನನ್ನ ಹತ್ತಿರವೇ ಉಳಿಯಿತು. ಮೂವತ್ತೈದು ವರ್ಷ ಊರೂರು ತಿರುಗಿ ಪಾಠ ಹೇಳಿದೆ. ಎಲ್ಲ ವರ್ಗಾವಣೆಗಳಲ್ಲೂ ಅದು ಕುಂಕುಮದ ಡಬ್ಬಿಯಲ್ಲಿ ನನ್ನ ಸಂಗಡ ಬಂತು. ಕಾಕು ತೀರಿಕೊಂಡು ಎಷ್ಟೋ ಕಾಲವಾಯಿತು. ಕೊಡಬೇಕಾದದ್ದನ್ನು ಕೊಡದೆ ಇಟ್ಟುಕೊಂಡೆನಲ್ಲ ಎಂದು ಆಗಾಗ ಚುಚ್ಚುತ್ತಿತ್ತು. ಕೊನೆಗೆ ಸರಕಾರ ನಾಲ್ಕಾಣೆಯನ್ನೇ ನಿಲ್ಲಿಸಿತು. ಈಗ ಕೊಡುತ್ತೇನೆಂದರೂ ಯಾರೂ ತೆಗೆದುಕೊಳ್ಳುವುದಿಲ್ಲ.

ಫೋನಿನಲ್ಲಿ ಆ ಹುಡುಗಿ ತಿರುಗಿ ಹೊರಟಳು. ಅವಳ ಗಂಟು ಹಗುರಾಗಿ ಹಾರಾಡುತ್ತಿತ್ತು. ಪಾಪ, ಅವಳಿಗೆ ಕಟ್ಟಿದವರು ಒಳಗೆ ಏನನ್ನೂ ಇಟ್ಟಿರಲಿಲ್ಲ. ಸೃಷ್ಟಿ ಕಬಡ್ಡಿ ಆಡುವವಳು. ಮಾರನೆಯ ದಿನ ಕಾಲೇಜಿನ ತಂಡದ ಜೊತೆ ಕೊಲ್ಹಾಪುರಕ್ಕೆ ಹೊರಟಿದ್ದಳು, ಮನೆಯವರಿಲ್ಲದೆ ಮೊದಲ ಸಲ. "ನಿನ್ನ ಹೊಸಾ ಕುರ್ತಾ ಕೊಡಿಲ್ಲೆ," ಅಂದೆ. ಪೆಟ್ಟಿಗೆಯ ತಳದಿಂದ ಕಾಕುವಿನ ಸೆರಗಿನ ಹಸಿರು ಚೂರು ತೆಗೆದು, ಸೂಜಿಗೆ ದಾರ ಪೋಣಿಸಲು ಅವಳನ್ನೇ ಕರೆದು, ಅವಳು ಅತ್ತ ಹೋದ ಮೇಲೆ ಕುಂಕುಮದ ಡಬ್ಬಿ ತೆರೆದೆ. ಕೊಡದೆ ಇಟ್ಟುಕೊಂಡದ್ದರಿಂದ ಆ ಪಾವಲಿಯ ಕೆಲಸವಿನ್ನೂ ಮುಗಿದಿಲ್ಲ ಎಂದು ಆಗ ಅನ್ನಿಸಿತು. ಮನಸ್ಸು ಹಗುರಾಯಿತು.

ಮುಂಜಾನೆ ಕುರ್ತಾ ತೊಟ್ಟು ಅವಳು ಕನ್ನಡಿಯ ಮುಂದೆ ಎರಡು ಸಲ ತಿರುಗಿದಳು. ತೋಳು ಕೊಡವಿದಳು.

"ಅಜ್ಜೀ, ಇದು ಫೋನಿನಾಗಿನ್ಹಂಗ ಹಾರಂಗಿಲ್ಲ. ಜೋತ ಬೀಳ್ತೈತಿ."

"ಹಾರೂದು ಬ್ಯಾಡವಾ," ಅಂದೆ. "ನೀ ಊರು ಮುಟ್ಟಿದ್ರ ಸಾಕು."